ಖಜಾನೆ ಕೇಳಿದವರಿಗೆ ಬಡವರನ್ನು ತೋರಿಸಿದವನು

ಕ್ರಿ.ಶ. 258ರ ಆಗಸ್ಟ್ 6. ರೋಮ್ ನಗರದ ಹೊರಗಿನ ಒಂದು ಸಮಾಧಿಸ್ಥಳದಲ್ಲಿ ಕ್ರೈಸ್ತರ ಬಿಷಪ್ ಎರಡನೆಯ ಸಿಕ್ಸ್ತುಸ್‌ನನ್ನು ಚಕ್ರವರ್ತಿಯ ಆಳುಗಳು ಹಿಡಿದು ಕೊಂದರು. ಅವನೊಂದಿಗೆ ನಾಲ್ವರು ಡೀಕನ್‌ಗಳೂ ಸತ್ತರು. ಸುದ್ದಿ ಸಮುದ್ರ ದಾಟಿ ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ಗೆ ತಲುಪಿತು. ಅವನು ಅದನ್ನು ಪತ್ರದಲ್ಲಿ ಬರೆದು, ಉಳಿದ ಊರುಗಳ ಬಿಷಪರಿಗೂ ತಿಳಿಸುವಂತೆ ಕೇಳಿಕೊಂಡ. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 14ರಂದು, ಸಿಪ್ರಿಯನ್ನನ ತಲೆಯೂ ಉರುಳಿತು. ಪತ್ರ ಉಳಿದುಕೊಂಡಿತು.

ಆ ಪತ್ರದಲ್ಲಿ ಲಾರೆನ್ಸ್ ಎಂಬ ಹೆಸರಿಲ್ಲ. ಅವನು ಸತ್ತದ್ದು ಸಿಕ್ಸ್ತುಸ್ ಸತ್ತ ನಾಲ್ಕು ದಿನಕ್ಕೆ, ಆಗಸ್ಟ್ 10ರಂದು. ಅವನೂ ರೋಮಿನ ಏಳು ಡೀಕನ್‌ಗಳಲ್ಲಿ ಒಬ್ಬ. ಮುಂದೆ ಅವನ ಹೆಸರಿನಲ್ಲಿ ನೂರಾರು ಚರ್ಚುಗಳು ಎದ್ದವು, ಒಬ್ಬ ದೊರೆ ಅರಮನೆಯನ್ನೇ ಕಟ್ಟಿಸಿದ, ಕೆನಡಾದ ಮಹಾನದಿಯೊಂದು ಅವನ ಹೆಸರು ಹೊತ್ತು ಹರಿಯಿತು, ನಮ್ಮ ಕಾರ್ಕಳದ ಪಕ್ಕದ ಅತ್ತೂರಿನಲ್ಲಿ ವರ್ಷವರ್ಷವೂ ಜಾತ್ರೆ ನೆರೆಯಿತು. ಲಾರೆನ್ಸ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಬೆಂಕಿ. ಕಬ್ಬಿಣದ ಸರಳಿನ ಮಂಚದ ಮೇಲೆ ಮಲಗಿಸಿ, ಕೆಳಗೆ ಕೆಂಡ ಹರಡಿ ಅವನನ್ನು ಸುಟ್ಟರಂತೆ. ನನ್ನ ಮನಸ್ಸನ್ನು ಹಿಡಿದಿರುವುದು ಬೆಂಕಿಗೆ ಮುಂಚಿನ ಮೂರು ದಿನಗಳ ಕಥೆ. ಸಂತರ ಚರಿತ್ರೆಗಳಲ್ಲಿ ಯಾವುದು ನಡೆದದ್ದು, ಯಾವುದು ಹೇಳುತ್ತ ಹೇಳುತ್ತ ಬೆಳೆದದ್ದು ಎಂದು ತಿಳಿಯಬೇಕಾದರೆ ಇವನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಚಕ್ರವರ್ತಿಯ ವಿಷಯ. ವಲೇರಿಯನ್ 253ರಲ್ಲಿ ಪಟ್ಟಕ್ಕೆ ಬಂದಾಗ ಸಾಮ್ರಾಜ್ಯದ ಗಡಿಗಳೆಲ್ಲ ಹರಿದಿದ್ದವು. ಉತ್ತರದಲ್ಲಿ ಜರ್ಮನ್ ಬುಡಕಟ್ಟುಗಳು, ಪೂರ್ವದಲ್ಲಿ ಪರ್ಷಿಯನ್ನರು. ಸೈನ್ಯಕ್ಕೆ ಕೊಡಲು ಹಣ ಸಾಲದೆ ನಾಣ್ಯಗಳಲ್ಲಿ ಬೆಳ್ಳಿ ಕಡಿಮೆಯಾಗುತ್ತ ಬಂದಿತ್ತು. ದೇವತೆಗಳು ಮುನಿದಿದ್ದಾರೆ, ಅವರಿಗೆ ಬಲಿ ಕೊಡದ ಕ್ರೈಸ್ತರೇ ಅದಕ್ಕೆ ಕಾರಣ ಎಂಬ ಮಾತಿಗೆ ಇಂಥ ಹೊತ್ತಿನಲ್ಲಿ ಬೆಲೆ ಹೆಚ್ಚು. 257ರಲ್ಲಿ ಮೊದಲ ಆಜ್ಞೆ ಹೊರಟಿತು: ಕ್ರೈಸ್ತ ಗುರುಗಳು ರೋಮಿನ ದೇವತೆಗಳಿಗೆ ಪೂಜೆ ಸಲ್ಲಿಸಬೇಕು, ಕ್ರೈಸ್ತರು ಗುಂಪು ಕೂಡಬಾರದು, ಸಮಾಧಿಸ್ಥಳಗಳಿಗೆ ಕಾಲಿಡಬಾರದು. ಮರುವರ್ಷದ ಆಜ್ಞೆ ಇನ್ನೂ ಕಠಿಣ. ಬಿಷಪರು, ಗುರುಗಳು, ಡೀಕನ್‌ಗಳಿಗೆ ತಡಮಾಡದೆ ಮರಣದಂಡನೆ. ಕ್ರೈಸ್ತರಾದ ಸೆನೆಟರುಗಳಿಗೆ ಪದವಿಯೂ ಹೋಗಬೇಕು, ಆಸ್ತಿಯೂ ಹೋಗಬೇಕು, ಆಗಲೂ ಹಟ ಬಿಡದಿದ್ದರೆ ತಲೆ ಹೋಗಬೇಕು. ಸಿರಿವಂತ ಮನೆತನದ ಹೆಂಗಸರಿಗೆ ಆಸ್ತಿ ಜಪ್ತಿ, ಗಡೀಪಾರು. ಅರಮನೆಯ ಚಾಕರಿಯಲ್ಲಿದ್ದ ಕ್ರೈಸ್ತರಿಗೆ ಸಂಕೋಲೆ ಹಾಕಿ ದೊರೆಯ ಹೊಲಗದ್ದೆಗಳಿಗೆ ದುಡಿಯಲು ಅಟ್ಟುವುದು. ಈ ಎರಡನೆಯ ಆಜ್ಞೆಯ ವಿವರಗಳನ್ನೆಲ್ಲ ಹೇಳುವುದು ಸಿಪ್ರಿಯನ್ನನ ಅದೇ ಪತ್ರ. ಆಜ್ಞೆಯ ಅರ್ಧದಷ್ಟು ಮಾತು ಆಸ್ತಿಯದೇ. ದೊರೆಗೆ ಬೇಕಾಗಿದ್ದದ್ದು ಕ್ರೈಸ್ತರ ನಂಬಿಕೆಯ ನಾಶ ಎಷ್ಟೋ, ಅವರ ಹಣವೂ ಅಷ್ಟೇ.

ಈ ಹಣ ಎಲ್ಲಿತ್ತು? ಯಾರ ಕೈಯಲ್ಲಿತ್ತು? ಅಲ್ಲಿಗೆ ಡೀಕನ್‌ಗಳ ಕೆಲಸಕ್ಕೆ ಬರಬೇಕು. ಡೀಕನ್ ಎಂದರೆ ಬಿಷಪರ ಬಲಗೈ. ಬಲಿಪೂಜೆಯಲ್ಲಿ ನೆರವಾಗುವುದು ಅವನ ಕೆಲಸದ ಒಂದು ಭಾಗ ಮಾತ್ರ. ಕಾಣಿಕೆ ಒಟ್ಟುಮಾಡುವುದು, ಕಾಯಿಲೆಯವರನ್ನು ನೋಡಿಬರುವುದು, ವಿಧವೆಯರ ಮನೆಗೆ ಧಾನ್ಯ ತಲುಪಿಸುವುದು, ಸತ್ತವರನ್ನು ಹೂಳಿಸುವುದು, ಎಲ್ಲಕ್ಕೂ ಲೆಕ್ಕ ಇಡುವುದು ಅವನದೇ ಹೊಣೆ. ಲಾರೆನ್ಸನಿಗಿಂತ ಒಂದು ತಲೆಮಾರು ಹಿಂದೆ ಬಿಷಪ್ ಫೇಬಿಯನ್ ರೋಮಿನ ಬೇರೆಬೇರೆ ಭಾಗಗಳನ್ನು ಡೀಕನ್‌ಗಳಿಗೆ ಹಂಚಿಕೊಟ್ಟಿದ್ದ. ಬೀದಿಯಲ್ಲಿ ನಡೆದುಹೋಗುವಾಗ ಯಾವ ಮಾಳಿಗೆಯಲ್ಲಿ ಯಾವ ಮುದುಕಿ ಹಸಿದಿದ್ದಾಳೆ ಎಂದು ಡೀಕನ್‌ಗೆ ಗೊತ್ತಿರುತ್ತಿತ್ತು.

ಆ ಲೆಕ್ಕದ ಒಂದು ತುಣುಕು ನಮ್ಮ ಕೈಗೆ ಸಿಕ್ಕಿದೆ, ಅದೂ ಒಂದು ಜಗಳದ ದೆಸೆಯಿಂದ. ಲಾರೆನ್ಸ್ ಸಾಯುವ ಏಳು ವರ್ಷಗಳ ಹಿಂದೆ, 251ರ ಸುಮಾರಿಗೆ, ರೋಮಿನಲ್ಲಿ ಇಬ್ಬರು ತಾವೇ ಬಿಷಪ್ ಎಂದು ಹೇಳಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬನಾದ ಕೊರ್ನೇಲಿಯಸ್, ತನ್ನ ಬೆನ್ನಿಗಿರುವ ಧರ್ಮಸಭೆ ಎಷ್ಟು ದೊಡ್ಡದು ನೋಡಿ ಎಂದು ಅಂತಿಯೋಕ್ಯದ ಬಿಷಪ್‌ಗೆ ಒಂದು ಪತ್ರ ಬರೆದ. ಚರಿತ್ರೆಕಾರ ಯುಸೇಬಿಯಸ್ ಅದನ್ನು ತನ್ನ ಗ್ರಂಥದಲ್ಲಿ ಉಳಿಸಿದ್ದಾನೆ. 46 ಗುರುಗಳು, 7 ಡೀಕನ್‌ಗಳು, 7 ಉಪಡೀಕನ್‌ಗಳು, 42 ಸಹಾಯಕರು, ದೆವ್ವ ಬಿಡಿಸುವವರು, ಗ್ರಂಥ ಓದುವವರು, ಬಾಗಿಲು ಕಾಯುವವರು ಸೇರಿ 52. ಇಷ್ಟು ಹೇಳಿ ಕೊರ್ನೇಲಿಯಸ್ ಇನ್ನೊಂದು ಸಂಖ್ಯೆ ಸೇರಿಸುತ್ತಾನೆ: ವಿಧವೆಯರು, ಕಷ್ಟದಲ್ಲಿರುವವರು 1500ಕ್ಕೂ ಹೆಚ್ಚು ಮಂದಿ.

ಈ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ಕಾನೂನಿನ ಕಣ್ಣಿನಲ್ಲಿ ಅನುಮಾನಕ್ಕೆ ಗುರಿಯಾದ ಒಂದು ಪಂಗಡ, ದೊಡ್ಡ ಗುಡಿಗಳಿಲ್ಲದ, ಖಾಸಗಿ ಮನೆಗಳಲ್ಲಿ ಸೇರುತ್ತಿದ್ದ ಜನ, ಒಂದೇ ನಗರದಲ್ಲಿ 1500 ಬಡವರ ಹೊಟ್ಟೆಗೆ ಹೊಣೆ ಹೊತ್ತಿದ್ದರು. ಒಂದು ದಿನ ಅನ್ನಸಂತರ್ಪಣೆ ಮಾಡಿ ಮುಗಿಸುವ ಲೆಕ್ಕ ಇದಲ್ಲ. ಹೆಸರು ಬರೆದಿಟ್ಟುಕೊಂಡು, ತಿಂಗಳು ತಿಂಗಳು, ಮಳೆಗಾಲ ಚಳಿಗಾಲ ಎನ್ನದೆ ನಡೆಸಬೇಕಾದ ಸಂಸಾರ. ಲಾರೆನ್ಸನ ಬಗೆಗೆ ನಮಗೆ ಸಿಗುವ ಅತ್ಯಂತ ಗಟ್ಟಿಯಾದ ಸಾಕ್ಷ್ಯ, ಅವನ ಹೆಸರನ್ನೇ ಹೇಳದ ಈ ಸಾಲು ಎಂದು ನಾನು ಭಾವಿಸುತ್ತೇನೆ.

ಇನ್ನು ಕಥೆ. ಅವನು ಸತ್ತು ನೂರಮೂವತ್ತು ವರ್ಷಗಳ ನಂತರ ಮಿಲಾನಿನ ಬಿಷಪ್ ಆಂಬ್ರೋಸ್ ಅದನ್ನು ಬರೆದ. ಅದಾದ ಸ್ವಲ್ಪ ಕಾಲಕ್ಕೆ ಸ್ಪೇನಿನ ಕವಿ ಪ್ರುಡೆನ್ಶಿಯಸ್ ಐನೂರಕ್ಕೂ ಹೆಚ್ಚು ಸಾಲುಗಳ ಲ್ಯಾಟಿನ್ ಪದ್ಯವಾಗಿ ಕಟ್ಟಿದ. ಸಿಕ್ಸ್ತುಸ್‌ನನ್ನು ಕೊಲ್ಲಲು ಕರೆದೊಯ್ಯುವಾಗ ಲಾರೆನ್ಸ್ ಅಳುತ್ತ ಹಿಂದೆ ಓಡಿದನಂತೆ. ಮಗನನ್ನು ಬಿಟ್ಟು ತಂದೆ ಒಬ್ಬನೇ ಹೊರಡುವುದುಂಟೇ, ಡೀಕನ್ ಇಲ್ಲದೆ ನೀವು ಎಂದಾದರೂ ಬಲಿಪೂಜೆಗೆ ನಿಂತದ್ದುಂಟೇ ಎಂದು ಕೇಳಿದನಂತೆ. ಮುದಿ ಬಿಷಪ್ ಅವನನ್ನು ಸಮಾಧಾನಪಡಿಸಿ, ನಿನಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಕಾದಿದೆ, ಮೂರು ದಿನದಲ್ಲಿ ನೀನೂ ಬರುತ್ತೀ ಎಂದ.

ನಗರದ ಅಧಿಕಾರಿ ಲಾರೆನ್ಸನನ್ನು ಕರೆಸಿದ. ಪ್ರುಡೆನ್ಶಿಯಸ್‌ನ ಅಧಿಕಾರಿ ಒರಟನಲ್ಲ, ನಯವಾಗಿ ಮಾತಾಡುವವನು. ನಿಮ್ಮ ರಾತ್ರಿಪೂಜೆಗಳಲ್ಲಿ ಬೆಳ್ಳಿಯ ಬಟ್ಟಲು, ಬಂಗಾರದ ದೀಪಸ್ತಂಭ ಬಳಸುತ್ತೀರಂತೆ. ಭಕ್ತರು ಮನೆಮಠ ಮಾರಿ ನಿಮಗೆ ತಂದು ಸುರಿಯುತ್ತಾರಂತೆ. ನಾಣ್ಯದ ಮೇಲೆ ಇರುವುದು ಚಕ್ರವರ್ತಿಯ ಮುಖ, ಅವನದನ್ನು ಅವನಿಗೆ ಕೊಡಿ ಎಂದು ನಿಮ್ಮ ಗುರುವೇ ಹೇಳಿದ್ದಾನಲ್ಲ, ಕೊಟ್ಟುಬಿಡಿ ಎನ್ನುತ್ತಾನೆ. ಲಾರೆನ್ಸ್ ಸಿಟ್ಟಾಗುವುದಿಲ್ಲ. ನಮ್ಮ ಧರ್ಮಸಭೆ ಶ್ರೀಮಂತವೇ, ಚಕ್ರವರ್ತಿಯ ಬಳಿಯೂ ಇಷ್ಟು ಇರಲಾರದು, ಪಟ್ಟಿ ಮಾಡಲು ಸ್ವಲ್ಪ ಸಮಯ ಬೇಕು ಎಂದು ಒಪ್ಪಿಕೊಳ್ಳುತ್ತಾನೆ. ಮೂರು ದಿನದ ಗಡುವು ಸಿಗುತ್ತದೆ.

ಆ ಮೂರು ದಿನ ಅವನು ರೋಮಿನ ಓಣಿಓಣಿ ಸುತ್ತಿದ. ಕಣ್ಣಿಲ್ಲದೆ ಕೋಲಿನಿಂದ ದಾರಿ ತಡವುತ್ತಿದ್ದವನು, ಮೊಣಕಾಲು ಮುರಿದವನು, ಒಂಟಿಗಾಲಿನವನು, ಹುಣ್ಣು ಸುರಿಯುತ್ತಿದ್ದವನು, ಕೈ ಸೊರಗಿದವನು. ಎಲ್ಲರ ಹೆಸರೂ ಅವನಿಗೆ ಗೊತ್ತು, ಅವರಿಗೂ ಅವನು ಗೊತ್ತು. ಒಬ್ಬೊಬ್ಬರನ್ನೇ ಸೇರಿಸಿ, ಹೆಸರು ಬರೆದು, ಚರ್ಚಿನ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿದ. ಗಡುವು ಮುಗಿದ ದಿನ ಅಧಿಕಾರಿ ಬಂದು ನೋಡಿದರೆ ಅಂಗಳದ ತುಂಬ ಭಿಕ್ಷುಕರು. ಇವರೇ ಧರ್ಮಸಭೆಯ ಸಂಪತ್ತು ಎಂದ ಲಾರೆನ್ಸ್.

ಅಧಿಕಾರಿಗೆ ಅದು ತನ್ನನ್ನು ಗೇಲಿ ಮಾಡಿದಂತೆ ಕಂಡಿತು. ಸಾಯಲು ನಿನಗೆ ಆಸೆ ತಾನೆ, ಹಾಗಾದರೆ ಬೇಗ ಸಾಯಲು ಬಿಡುವುದಿಲ್ಲ ಎಂದ. ಅರೆಬಿಸಿ ಕೆಂಡವನ್ನು ಹರಡಿಸಿ ಕಬ್ಬಿಣದ ಮಂಚದ ಮೇಲೆ ಮಲಗಿಸಿದ. ಬಹಳ ಹೊತ್ತಿನ ಮೇಲೆ ಲಾರೆನ್ಸ್, ಈ ಮಗ್ಗುಲು ಬೆಂದಿದೆ, ಇನ್ನು ತಿರುಗಿಸಿ ಹಾಕಬಹುದು ಎಂದು ಹೇಳಿದ ಎಂಬುದು ಲೋಕವೆಲ್ಲ ಬಲ್ಲ ಮಾತು. ಆ ಮಾತಿನಿಂದಾಗಿಯೇ ಅವನು ಅಡುಗೆಯವರಿಗೆ ಪಾಲಕ ಸಂತನಾದ.

ಇದರಲ್ಲಿ ನಿಜ ಎಷ್ಟು? ಅವನೊಬ್ಬ ರಕ್ತಸಾಕ್ಷಿ, ರೋಮಿನಿಂದ ತಿವೊಲಿಗೆ ಹೋಗುವ ಹೆದ್ದಾರಿಯ ಪಕ್ಕ ಅವನ ಸಮಾಧಿ ಇತ್ತು, ಆಗಸ್ಟ್ 10 ಅವನ ದಿನ ಎಂಬುದರಲ್ಲಿ ಸಂದೇಹವಿಲ್ಲ. ರೋಮಿನಲ್ಲಿ ತಯಾರಾದ 354ರ ಪಂಚಾಂಗದಲ್ಲಿ ಹುತಾತ್ಮರ ಪಟ್ಟಿಯೊಂದಿದೆ. ಅದರಲ್ಲಿ ಹೆಸರು, ಸ್ಥಳ, ದಿನ ಮೂರೂ ಇವೆ. ಬೆಂಕಿಯ ವಿಷಯದಲ್ಲಿ ಮಾತ್ರ ತೊಡಕಿದೆ. ಡೀಕನ್‌ಗಳನ್ನು ತಡಮಾಡದೆ ಕೊಲ್ಲಿ ಎಂಬುದು ಆಜ್ಞೆ. ಹಾಗೆಂದಮೇಲೆ ಮೂರು ದಿನದ ಗಡುವು ಎಲ್ಲಿಂದ ಬಂತು, ನಿಧಾನದ ಬೆಂಕಿ ಎಲ್ಲಿಂದ ಬಂತು? ಸಿಕ್ಸ್ತುಸ್, ಸಿಪ್ರಿಯನ್ ಇಬ್ಬರೂ ಕತ್ತಿಗೆ ತಲೆ ಕೊಟ್ಟವರು. ಲಾರೆನ್ಸನೂ ಹಾಗೇ ಸತ್ತಿರಬೇಕು ಎಂದು ಬಹುತೇಕ ವಿದ್ವಾಂಸರು ಹೇಳುತ್ತಾರೆ. ಸರಳಿನ ಮಂಚದ ಶಿಕ್ಷೆ ಕಟ್ಟುಕಥೆಯೇನಲ್ಲ. ಲಾರೆನ್ಸ್ ಸತ್ತ 45 ವರ್ಷಗಳ ನಂತರ, ಡಯೋಕ್ಲೀಶಿಯನ್ ಕಾಲದ ಹಿಂಸೆಯಲ್ಲಿ, ಅರಮನೆಯ ಸೇವಕ ಪೀಟರ್ ಎಂಬವನನ್ನು ನಿಕೊಮಿಡಿಯಾದಲ್ಲಿ ಹೀಗೆ ಸುಟ್ಟರೆಂದು ಅದೇ ಕಾಲದಲ್ಲಿ ಬದುಕಿದ್ದ ಯುಸೇಬಿಯಸ್ ಬರೆದಿದ್ದಾನೆ. ಮಗ್ಗುಲು ತಿರುಗಿಸುವ ಮಾತು ಕೂಡ ಇನ್ನೊಂದು ಕಡೆ ಸಿಗುತ್ತದೆ. ಏಷ್ಯಾ ಮೈನರಿನ ಫ್ರಿಜಿಯಾದಲ್ಲಿ ಸತ್ತ ಮೂವರು ಹುತಾತ್ಮರ ಬಾಯಲ್ಲಿ ಸಾಕ್ರಟೀಸ್ ಎಂಬ ಐದನೇ ಶತಮಾನದ ಚರಿತ್ರೆಕಾರ ಅಂಥದೇ ಮಾತು ಇಡುತ್ತಾನೆ. ಒಳ್ಳೆಯ ಮಾತು ಒಬ್ಬರ ಬಳಿಯೇ ನಿಲ್ಲುವುದಿಲ್ಲ, ಊರೂರು ತಿರುಗುತ್ತದೆ.

ಹೀಗೆ ಜರಡಿ ಹಿಡಿದವರು ಧರ್ಮದ ವಿರೋಧಿಗಳು ಎಂದುಕೊಂಡರೆ ತಪ್ಪಾದೀತು. 17ನೇ ಶತಮಾನದಲ್ಲಿ ಬೆಲ್ಜಿಯಮ್ಮಿನ ಯೇಸುಸಭೆಯ ಗುರು ಜಾನ್ ಬೋಲಾಂಡ್, ಸಂತರ ಚರಿತ್ರೆಗಳನ್ನೆಲ್ಲ ಹಸ್ತಪ್ರತಿಗಳಿಂದ ಹುಡುಕಿ, ಹೋಲಿಸಿ, ಪ್ರಕಟಿಸುವ ಕೆಲಸಕ್ಕೆ ಕೈಹಾಕಿದ. ಮೊದಲ ಸಂಪುಟಗಳು 1643ರಲ್ಲಿ ಬಂದವು. ಅವನ ಹಾದಿಯ ವಿದ್ವಾಂಸರನ್ನು ಬೋಲಾಂಡಿಸ್ಟರು ಎನ್ನುತ್ತಾರೆ; ಅವರ ಮನೆ ಬ್ರಸೆಲ್ಸ್‌ನಲ್ಲಿ ಇಂದಿಗೂ ಇದೆ. ಅವರಲ್ಲೊಬ್ಬರಾದ ಹಿಪೊಲಿಟ್ ದೆಲೆಹಾಯ್ 1905ರಲ್ಲಿ, ಜನರ ನೆನಪು ಸಂತರ ಕಥೆಗಳನ್ನು ಹೇಗೆ ಹಿಗ್ಗಿಸುತ್ತದೆ, ಒಬ್ಬನ ಪವಾಡ ಇನ್ನೊಬ್ಬನಿಗೆ ಹೇಗೆ ಅಂಟಿಕೊಳ್ಳುತ್ತದೆ ಎಂದು ತೋರಿಸುವ ಗ್ರಂಥ ಬರೆದರು. ಅವರು ಯೇಸುಸಭೆಯ ಗುರು, ಭಕ್ತ. ನಂಬಿಕೆಯೊಳಗೇ ಕೂತು ನಿಜವನ್ನು ಹುಡುಕುವ ಈ ಧೈರ್ಯವನ್ನು ನಾನು ತುಂಬ ಗೌರವಿಸುತ್ತೇನೆ. 1969ರಲ್ಲಿ ಕಥೊಲಿಕ ಧರ್ಮಸಭೆ ತನ್ನ ಪಂಚಾಂಗವನ್ನು ಪರಿಷ್ಕರಿಸಿದಾಗ ಕ್ರಿಸ್ಟೋಫರ್, ಬಾರ್ಬರಾರಂಥ ಜನಪ್ರಿಯ ಸಂತರ ಹಬ್ಬಗಳೇ ಸಾರ್ವತ್ರಿಕ ಪಟ್ಟಿಯಿಂದ ಹೊರಬಿದ್ದವು. ಲಾರೆನ್ಸನ ಹಬ್ಬ ಅಲುಗಾಡಲಿಲ್ಲ. ಬಲಿಪೂಜೆಯ ಹಳೆಯ ರೋಮನ್ ಪ್ರಾರ್ಥನೆಯಲ್ಲಿ ಸಿಕ್ಸ್ತುಸ್, ಸಿಪ್ರಿಯನ್, ಲಾರೆನ್ಸ್ ಮೂವರ ಹೆಸರುಗಳೂ ಇವೆ.

ಬೆಂಕಿ ಅನುಮಾನವಾದರೆ ಬಡವರ ಮೆರವಣಿಗೆ? ಅದಕ್ಕೂ ಕಣ್ಣಾರೆ ಕಂಡ ಸಾಕ್ಷಿಯಿಲ್ಲ. ಆದರೆ ಅದನ್ನು ಮೊದಲು ಬರೆದ ಆಂಬ್ರೋಸ್ ಯಾಕೆ ಬರೆದ ಎಂಬುದನ್ನು ನೋಡಿ. 378ರಲ್ಲಿ ಗೋಥ್ ಪಡೆಗಳು ರೋಮನ್ ಸೈನ್ಯವನ್ನು ಆಡ್ರಿಯಾನೊಪಲ್‌ನಲ್ಲಿ ಸೋಲಿಸಿದ ಕಾಲದಲ್ಲಿ ಸಾವಿರಾರು ಜನ ಸೆರೆಯಾದರು. ಅವರನ್ನು ಬಿಡಿಸಲು ಆಂಬ್ರೋಸ್ ಚರ್ಚಿನ ಪೂಜಾಪಾತ್ರೆಗಳನ್ನೇ ಕರಗಿಸಿ ಹಣ ಕೊಟ್ಟ. ದೇವರಿಗೆ ಸಂದ ವಸ್ತುವನ್ನು ಮುರಿದ ಎಂದು ಎದುರಾಳಿಗಳು ಅವನ ಮೇಲೆ ಹರಿಹಾಯ್ದರು. ಆ ಆಪಾದನೆಗೆ ಉತ್ತರ ಕೊಡುವಾಗ ಅವನಿಗೆ ಲಾರೆನ್ಸ್ ನೆನಪಾದ. ಪಾತ್ರೆಗೆ ಬಂಗಾರ ಬೇಕಾಗಿಲ್ಲ, ಸೆರೆಯಾಳು ಬಿಡುಗಡೆಯಾದರೆ ಅದೇ ಆ ಬಂಗಾರದ ಸಾರ್ಥಕತೆ ಎಂಬುದು ಅವನ ವಾದ. ಅಂದರೆ ಈ ಕಥೆ ಮೊದಲಿಗೆ ಬರಹಕ್ಕೆ ಬಂದದ್ದು, ಧರ್ಮಸಭೆಯ ಹಣ ಯಾರದು ಎಂಬ ಜಗಳದಲ್ಲಿ ಬಡವರ ಪರವಾಗಿ ನಿಂತ ಸಾಕ್ಷಿಯಾಗಿ. ಕನ್ನಡದ ಓದುಗರಿಗೆ ಇಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ನೆನಪಾಗದೆ ಇರಲಾರ; ಅವನ ಮೇಲೂ ಬಂದ ದೂರು ಇಂಥದೇ, ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಾನೆ ಎಂದು.

ವಲೇರಿಯನ್ ಏನಾದ? ಲಾರೆನ್ಸ್ ಸತ್ತ ಎರಡು ವರ್ಷಕ್ಕೆ, 260ರಲ್ಲಿ, ಪರ್ಷಿಯದ ದೊರೆ ಶಾಪುರನಿಗೆ ಸೆರೆಸಿಕ್ಕಿದ. ಇರಾನಿನ ನಕ್ಷ್‌-ಎ-ರುಸ್ತಮ್ ಬಂಡೆಯ ಮೇಲೆ ಆ ಗೆಲುವನ್ನು ಕೆತ್ತಿದ್ದು ಇಂದಿಗೂ ನಿಂತಿದೆ. ವಲೇರಿಯನ್ನನ ಮಗ ಗಾಲಿಯೇನಸ್ ಕ್ರೈಸ್ತರ ಪೂಜಾಸ್ಥಳಗಳನ್ನೂ ಸಮಾಧಿಸ್ಥಳಗಳನ್ನೂ ಹಿಂದಿರುಗಿಸಿದ.

ಮಧ್ಯಯುಗಕ್ಕೆ ಬರುವ ಹೊತ್ತಿಗೆ ಲಾರೆನ್ಸ್ ಬೇರೆಯದೇ ಆಳಾಗಿ ಬೆಳೆದಿದ್ದ. 13ನೇ ಶತಮಾನದಲ್ಲಿ ಡೊಮಿನಿಕನ್ ಸನ್ಯಾಸಿ ಜಾಕೊಬಸ್ ದೆ ವೊರಾಜಿನೆ ಸಂತರ ಕಥೆಗಳನ್ನೆಲ್ಲ ಕೂಡಿಸಿ ‘ಸ್ವರ್ಣ ಕಥಾಮಾಲೆ’ ಎಂದು ಹೆಸರಾದ ಗ್ರಂಥ ಮಾಡಿದ. ಅದರ ಕೈಬರಹದ ಪ್ರತಿಗಳು ಸಾವಿರದಷ್ಟು ಉಳಿದಿವೆ ಎಂದರೆ ಅದನ್ನು ಯುರೋಪ್ ಎಷ್ಟು ಆಸೆಯಿಂದ ಓದಿತು ಎಂದು ಊಹಿಸಬಹುದು. ಅದರಲ್ಲಿ ಲಾರೆನ್ಸನನ್ನು ಸುಡಿಸುವವನು ದೇಸಿಯಸ್ ಎಂಬ ಚಕ್ರವರ್ತಿ. ದೇಸಿಯಸ್ ಸತ್ತದ್ದು 251ರಲ್ಲಿ! ಜಾಕೊಬಸ್ ತಾನೇ ಈ ಕಾಲದ ಲೆಕ್ಕ ಕೂಡುವುದಿಲ್ಲ ಎಂದು ಕಥೆಯ ನಡುವೆ ಚರ್ಚೆಗಿಳಿಯುತ್ತಾನೆ. ಮಧ್ಯಯುಗದವರು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬುತ್ತಿದ್ದರು ಎನ್ನುವವರು ಆ ಪುಟ ಓದಬೇಕು.

ಅವನು ಹೇಳುವ ಕಥೆಗಳಲ್ಲಿ ಎರಡು ನನಗೆ ಬಹಳ ಇಷ್ಟ. ಒಂದು, ಜರ್ಮನಿಯ ಚಕ್ರವರ್ತಿ ಎರಡನೆಯ ಹೆನ್ರಿಯದು. ಅವನು 1024ರಲ್ಲಿ ತೀರಿಕೊಂಡಾಗ, ಒಬ್ಬ ತಪಸ್ವಿಯ ಗುಡಿಸಿಲಿನ ಮುಂದೆ ದೆವ್ವಗಳ ದಂಡೊಂದು ಗದ್ದಲ ಮಾಡುತ್ತ ಹೋಯಿತು. ಚಕ್ರವರ್ತಿಯ ಆತ್ಮ ನಮ್ಮ ಪಾಲಿಗೆ ಬರುತ್ತದೋ ನೋಡಲು ಹೊರಟಿದ್ದೇವೆ ಎಂದವು. ಹಿಂದಿರುಗುವಾಗ ಅವುಗಳ ಮುಖ ಬಾಡಿತ್ತು. ಪಾಪಪುಣ್ಯಗಳನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿದ್ದೆವು, ನಮ್ಮ ತಟ್ಟೆಯೇ ಭಾರವಾಗಿತ್ತು, ಅಷ್ಟರಲ್ಲಿ ಆ ಸುಟ್ಟ ಲಾರೆನ್ಸ್ ಬಂದು ಒಂದು ಬಂಗಾರದ ಪಾತ್ರೆಯನ್ನು ಆ ಕಡೆಯ ತಟ್ಟೆಗೆ ಎಸೆದುಬಿಟ್ಟ ಎಂದು ದೆವ್ವ ಗೋಳಾಡಿತು. ಅದು ಹೆನ್ರಿ ಬದುಕಿದ್ದಾಗ ಲಾರೆನ್ಸನ ಚರ್ಚಿಗೆ ಕೊಟ್ಟಿದ್ದ ಪಾನಪಾತ್ರೆ. ಬಾಂಬರ್ಗ್ ಕೆಥೆಡ್ರಲಿನಲ್ಲಿ ಹೆನ್ರಿಯ ಸಮಾಧಿಯ ಮೇಲೆ ಶಿಲ್ಪಿ ಟಿಲ್ಮನ್ ರೀಮನ್‌ಶ್ನೈಡರ್ 16ನೇ ಶತಮಾನದ ಆರಂಭದಲ್ಲಿ ಈ ತಕ್ಕಡಿಯ ದೃಶ್ಯವನ್ನು ಕೆತ್ತಿದ್ದಾನೆ. ಬದುಕಿದ್ದಾಗ ಲೆಕ್ಕ ಬರೆದವನನ್ನು ಸತ್ತಮೇಲೂ ಜನ ತಕ್ಕಡಿಯ ಪಕ್ಕದಲ್ಲೇ ನಿಲ್ಲಿಸಿದರು.

ಎರಡನೆಯದು ಇನ್ನೂ ಮುದ್ದಾದದ್ದು. ಕ್ರೈಸ್ತರ ಮೊದಲ ರಕ್ತಸಾಕ್ಷಿ ಸ್ತೇಫನನ ಅವಶೇಷಗಳನ್ನು ರೋಮಿಗೆ ತಂದು ಲಾರೆನ್ಸನ ಸಮಾಧಿಯಲ್ಲಿ ಇಡಲು ಬಾಗಿಲು ತೆರೆದಾಗ, ಲಾರೆನ್ಸನ ದೇಹ ತಾನಾಗಿ ಪಕ್ಕಕ್ಕೆ ಸರಿದು ಬಲಗಡೆಯ ಗೌರವದ ಜಾಗವನ್ನು ಅತಿಥಿಗೆ ಬಿಟ್ಟುಕೊಟ್ಟಿತಂತೆ. ಅಂದಿನಿಂದ ರೋಮಿನವರು ಅವನನ್ನು ‘ಮರ್ಯಾದಸ್ಥ ಸ್ಪೇನಿನವನು’ ಎಂದು ಕರೆಯತೊಡಗಿದರು. ಸ್ತೇಫನನೂ ಡೀಕನ್; ಅವನ ಕೆಲಸವೂ ವಿಧವೆಯರಿಗೆ ಊಟ ಹಂಚುವುದೇ ಆಗಿತ್ತು ಎಂದು ಬೈಬಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥ ಹೇಳುತ್ತದೆ. ಒಂದೇ ಕಸುಬಿನ ಇಬ್ಬರು ಒಂದೇ ಗೋರಿಯಲ್ಲಿ ಸೇರಿದರು. ಸ್ಪೇನಿನ ಉಯೆಸ್ಕಾ ಪಟ್ಟಣ ಲಾರೆನ್ಸ್ ತನ್ನ ಮಗ ಎನ್ನುತ್ತದೆ. ಯೇಸು ಕಡೆಯ ಭೋಜನದಲ್ಲಿ ಬಳಸಿದ ಬಟ್ಟಲನ್ನು ಅವನು ಸಾಯುವ ಮುನ್ನ ಅಲ್ಲಿಗೆ ಕಳಿಸಿದ ಎಂಬ ನಂಬಿಕೆಯೂ ಇದೆ. ವಲೆನ್ಸಿಯಾದ ಕೆಥೆಡ್ರಲಿನಲ್ಲಿ ಒಂದು ಅಗೇಟ್ ಕಲ್ಲಿನ ಬಟ್ಟಲನ್ನು ಆ ಬಟ್ಟಲೆಂದೇ ಪೂಜಿಸುತ್ತಾರೆ.

ದೊರೆಗಳು ಅವನನ್ನು ಯುದ್ಧಕ್ಕೂ ಎಳೆದರು. 955ರ ಆಗಸ್ಟ್ 10ರಂದು ಲೆಕ್‌ಫೆಲ್ಡ್ ಬಯಲಿನಲ್ಲಿ ಮಗ್ಯಾರರನ್ನು ಎದುರಿಸುವಾಗ ಜರ್ಮನ್ ದೊರೆ ಒಟ್ಟೊ, ಗೆದ್ದರೆ ಮರ್ಸೆಬರ್ಗಿನಲ್ಲಿ ನಿನ್ನ ಹೆಸರಿನ ಧರ್ಮಪ್ರಾಂತ್ಯ ಮಾಡುತ್ತೇನೆ ಎಂದು ಲಾರೆನ್ಸನಿಗೆ ಹರಕೆ ಹೊತ್ತ. 1557ರ ಆಗಸ್ಟ್ 10ರಂದು ಸೆಂಟ್ ಕ್ವಾಂಟಾನ್‌ನಲ್ಲಿ ಫ್ರೆಂಚರನ್ನು ಸೋಲಿಸಿದ ನೆನಪಿಗೆ ಸ್ಪೇನಿನ ದೊರೆ ಎರಡನೆಯ ಫಿಲಿಪ್ ಮ್ಯಾಡ್ರಿಡ್ ಬಳಿ ಎಸ್ಕೊರಿಯಲ್ ಕಟ್ಟಿಸಿದ. 1563ರಿಂದ 1584ರವರೆಗೆ ಕೆಲಸ ನಡೆಯಿತು. ಅರಮನೆ, ಮಠ, ಗ್ರಂಥಾಲಯ, ರಾಜರ ಸಮಾಧಿ ಎಲ್ಲ ಒಂದರಲ್ಲೇ. ಮೇಲಿನಿಂದ ನೋಡಿದರೆ ಕಟ್ಟಡದ ನಕ್ಷೆ ಸರಳಿನ ಮಂಚದಂತೆ ಕಾಣುತ್ತದೆ ಎಂದು ಹೇಳುತ್ತಾರೆ. ಸಂತರ ಏಳು ಸಾವಿರಕ್ಕೂ ಹೆಚ್ಚು ಅವಶೇಷಗಳನ್ನು ಫಿಲಿಪ್ ಅಲ್ಲಿ ಕೂಡಿಹಾಕಿದ. ಎಸ್ಕೊರಿಯಲ್ ಭವ್ಯವಾದ ಕಟ್ಟಡ, ಒಪ್ಪುತ್ತೇನೆ. ಆದರೆ ಬಂಗಾರ ಕೇಳಿದ ಅಧಿಕಾರಿಗೆ ಬಡವರನ್ನು ತೋರಿಸಿದವನ ಹೆಸರಿನಲ್ಲಿ ಏಳಬೇಕಾದ ಸ್ಮಾರಕ ಅದಲ್ಲ.

ಚಿತ್ರಕಾರರಲ್ಲಿ ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಟಿಶಿಯನ್ ಬಿಡಿಸಿದ್ದು ಬೆಂಕಿಯನ್ನು. ವೆನಿಸ್ಸಿನ ಯೇಸುಸಭೆಯವರ ಚರ್ಚಿನಲ್ಲಿರುವ ಆ ದೊಡ್ಡ ಚಿತ್ರ ರಾತ್ರಿಯದು. ಕೆಂಡದ ಕೆಂಪು, ಪಂಜಿನ ಹಳದಿ, ಆಕಾಶದಿಂದ ಸೀಳಿಬರುವ ಬೆಳಕು, ಇವುಗಳ ನಡುವೆ ಕೈಯೆತ್ತಿದ ಲಾರೆನ್ಸ್. ಎದೆ ನಡುಗಿಸುವ ಚಿತ್ರ ಅದು. ಟಿಶಿಯನ್ನನಿಗಿಂತ ಸುಮಾರು ನೂರು ವರ್ಷ ಹಿಂದೆ ಫ್ರಾ ಆಂಜೆಲಿಕೊ ಎಂಬ ಸನ್ಯಾಸಿ ಚಿತ್ರಕಾರ, ಪೋಪ್ ಐದನೆಯ ನಿಕೊಲಸ್‌ಗಾಗಿ ವ್ಯಾಟಿಕನ್ನಿನ ಪುಟ್ಟ ಪ್ರಾರ್ಥನಾಲಯದ ಗೋಡೆಗಳ ಮೇಲೆ ಸ್ತೇಫನ್ ಮತ್ತು ಲಾರೆನ್ಸರ ಬದುಕನ್ನು ಬರೆದ. ಒಂದು ಚಿತ್ರದಲ್ಲಿ ಸಿಕ್ಸ್ತುಸ್ ಹಣದ ಚೀಲವನ್ನು ಲಾರೆನ್ಸನಿಗೆ ಒಪ್ಪಿಸುತ್ತಿದ್ದಾನೆ. ಪಕ್ಕದಲ್ಲಿ ಸೈನಿಕರು ಬಾಗಿಲು ಬಡಿಯುತ್ತಿದ್ದಾರೆ. ಇನ್ನೊಂದರಲ್ಲಿ ಲಾರೆನ್ಸ್ ಚರ್ಚಿನ ಬಾಗಿಲಲ್ಲಿ ನಿಂತು ನಾಣ್ಯ ಹಂಚುತ್ತಿದ್ದಾನೆ. ನೆಲದ ಮೇಲೆ ತೆವಳುವ ಹೆಳವ, ಕೋಲು ಊರಿ ಬರುವ ಕುರುಡ, ಮಗುವನ್ನು ಎತ್ತಿಕೊಂಡ ತಾಯಿ. ಒಬ್ಬೊಬ್ಬರಿಗೂ ತಮ್ಮದೇ ಮುಖವಿದೆ. ಬಡವರನ್ನು ಗುಂಪು ಎಂದು ಬರೆಯದೆ ವ್ಯಕ್ತಿಗಳೆಂದು ಬರೆದ ಈ ಚಿತ್ರವನ್ನು ನಾನು ಟಿಶಿಯನ್ನನ ಚಿತ್ರಕ್ಕಿಂತ 100 ಪಾಲು ಮೇಲಿಡುತ್ತೇನೆ. ರಾವೆನ್ನದ ಗಲ್ಲಾ ಪ್ಲಾಸಿದಿಯಾ ಸಮಾಧಿಮಂದಿರದ ಐದನೇ ಶತಮಾನದ ಮೊಸಾಯಿಕ್ ಒಂದರಲ್ಲಿ ಉರಿಯುವ ಸರಳಿನ ಮಂಚದ ಕಡೆ ನಡೆದುಬರುವ ಸಂತನೊಬ್ಬನಿದ್ದಾನೆ; ಇನ್ನೊಂದು ಪಕ್ಕದಲ್ಲಿ ನಾಲ್ಕು ಸುವಾರ್ತೆಗಳನ್ನು ಇಟ್ಟ ಕಪಾಟು. ಅವನು ವಿನ್ಸೆಂಟ್ ಎನ್ನುವವರೂ ಇದ್ದಾರೆ, ಬಹುಮಂದಿ ಲಾರೆನ್ಸ್ ಎಂದೇ ಗುರುತಿಸುತ್ತಾರೆ. ಗ್ರಂಥಪಾಲಕರಿಗೂ ಅವನು ಪಾಲಕ ಸಂತ.

ಆಗಸ್ಟ್ ಎರಡನೇ ವಾರ ರಾತ್ರಿ ಆಕಾಶದಲ್ಲಿ ಬೀಳುವ ಪರ್ಸೀಡ್ ಉಲ್ಕೆಗಳನ್ನು ಯುರೋಪಿನ ಜನ ಲಾರೆನ್ಸನ ಕಣ್ಣೀರು ಎನ್ನುತ್ತಾರೆ. ಸ್ವಿಫ್ಟ್-ಟಟಲ್ ಧೂಮಕೇತು ಬಿಟ್ಟುಹೋದ ದೂಳಿನಿಂದ ಅವು ಹುಟ್ಟುತ್ತವೆ ಎಂದು ಇಟಲಿಯ ಸ್ಕ್ಯಾಪರೆಲ್ಲಿ 1866ರಲ್ಲಿ ತೋರಿಸಿದ. ಕೆನಡಾದ ನದಿಯ ಹೆಸರಿಗೂ ಪಂಚಾಂಗವೇ ಕಾರಣ: ಫ್ರೆಂಚ್ ನಾವಿಕ ಜಾಕ್ ಕಾರ್ತಿಯೆ 1535ರ ಆಗಸ್ಟ್ 10ರಂದು ಒಂದು ಕೊಲ್ಲಿಗೆ ಆ ದಿನದ ಸಂತನ ಹೆಸರಿಟ್ಟ, ಕಾಲ ಕಳೆದಂತೆ ಅದು ನದಿಗೂ ಹಬ್ಬಿತು.

ರೋಮಿನಲ್ಲಿ ಅವನ ಸಮಾಧಿಯ ಮೇಲಿರುವ ಬಸಿಲಿಕಾದ ಸುತ್ತಲಿನ ಬಡಾವಣೆಗೆ ಸಾನ್ ಲೊರೆಂಜೊ ಎಂದೇ ಹೆಸರು. ರೈಲ್ವೆ ಕೆಲಸಗಾರರು, ಕೂಲಿಗಳು ವಾಸಿಸುತ್ತಿದ್ದ ಜಾಗ ಅದು. ಎರಡನೇ ಮಹಾಯುದ್ಧದಲ್ಲಿ, 1943ರ ಜುಲೈ 19ರಂದು, ಅಲ್ಲಿನ ರೈಲ್ವೆ ಯಾರ್ಡಿಗೆ ಗುರಿಯಿಟ್ಟ ಅಮೆರಿಕನ್ ವಿಮಾನಗಳ ಬಾಂಬುಗಳು ಬಡಾವಣೆಯ ಮೇಲೂ ಬಿದ್ದವು. ಆ ದಿನದ ದಾಳಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಸಿಲಿಕಾದ ಮುಂಭಾಗ ಕುಸಿಯಿತು. ಪೋಪ್ ಹನ್ನೆರಡನೆಯ ಪಯಸ್ ವ್ಯಾಟಿಕನ್ ಬಿಟ್ಟು ಹೊರಬಂದು ಆ ಅವಶೇಷಗಳ ನಡುವೆ ಜನರೊಂದಿಗೆ ಪ್ರಾರ್ಥಿಸಿದರು. ಯುದ್ಧ ಮುಗಿದ ಮೇಲೆ ಬಿದ್ದ ಕಲ್ಲುಗಳನ್ನೇ ಆಯ್ದು ಚರ್ಚನ್ನು ಮತ್ತೆ ನಿಲ್ಲಿಸಿದರು.

ಇನ್ನು ನಮ್ಮ ಅತ್ತೂರು. ಕರಾವಳಿಯ ಕೊಂಕಣಿ ಕ್ರೈಸ್ತರು ಲಾರೆನ್ಸನನ್ನು ಕಾರ್ಕಳಕ್ಕೆ ಕರೆತಂದದ್ದು 18ನೇ ಶತಮಾನದಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಕರಾವಳಿಯ ಚರ್ಚುಗಳು ನೆಲಸಮವಾದವು. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಹೊಸ ಚರ್ಚಿಗೆ ಜಾಗ ಹುಡುಕುತ್ತ ಲಾರೆನ್ಸನ ಮರದ ಮೂರ್ತಿಯನ್ನು ಹೊತ್ತು ಬಂದವರು ಪರ್ಪಲೆ ಗುಡ್ಡದ ಬುಡದಲ್ಲಿ, ನೀರಿನ ಒರತೆಯ ಬಳಿ, ದಣಿವಾರಿಸಿಕೊಳ್ಳಲು ಅದನ್ನು ಕೆಳಗಿಟ್ಟರಂತೆ. ಹೊರಡುವಾಗ ಮೂರ್ತಿ ಏಳಲೇ ಇಲ್ಲ. ಇಲ್ಲೇ ಗುಡಿ ಕಟ್ಟುತ್ತೇವೆ ಎಂದು ಮಾತು ಕೊಟ್ಟಮೇಲೆ ಹಗುರಾಯಿತು ಎನ್ನುತ್ತದೆ ಐತಿಹ್ಯ. ಮೂರ್ತಿ ತಾನಾಗಿ ನೆಲೆ ಆರಿಸಿಕೊಳ್ಳುವ ಈ ಬಗೆಯ ಕಥೆ ತುಳುನಾಡಿನವರಿಗೆ ಹೊಸತಲ್ಲ. ರೋಮಿನ ಡೀಕನ್ ನಮ್ಮ ಮಣ್ಣಿನ ರೀತಿಯಲ್ಲೇ ನಮ್ಮವನಾದ. ಆ ಒರತೆಯ ಪುಷ್ಕರಿಣಿ ಇಂದಿಗೂ ಇದೆ.

ಪಂಚಾಂಗದ ಹಬ್ಬ ಬೀಳುವ ಆಗಸ್ಟ್ ಕರಾವಳಿಯಲ್ಲಿ ಮಳೆಗಾಲ. ದೊಡ್ಡ ಜಾತ್ರೆ ನಡೆಯುವುದು ಜನವರಿಯಲ್ಲಿ, ಐದು ದಿನ. ಜನ ಅದನ್ನು ಸಾಂತ್‌ಮಾರಿ ಎನ್ನುತ್ತಾರೆ. ಹಿಂದೂ, ಮುಸ್ಲಿಮ್, ಜೈನ, ಕ್ರೈಸ್ತ ಎನ್ನದೆ ಬಂದು ಮೋಂಬತ್ತಿ ಹಚ್ಚುತ್ತಾರೆ, ಪುಷ್ಕರಿಣಿಯ ನೀರು ತುಂಬಿಕೊಂಡು ಹೋಗುತ್ತಾರೆ, ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಇದಕ್ಕೆ ಕಿರಿಯ ಬಸಿಲಿಕಾ ಎಂಬ ಗೌರವ ದೊರೆಯಿತು. ಪವಾಡಕ್ಕಾಗಿ ಬರುವವರನ್ನು ಕಂಡು ಮೂಗು ಮುರಿಯುವ ಮನಸ್ಸು ನನಗಿಲ್ಲ. ಕಷ್ಟದಲ್ಲಿರುವವರು ತನ್ನ ಬಾಗಿಲಿಗೆ ಬರುವುದನ್ನು ಲಾರೆನ್ಸ್ ಎಂದೂ ಬೇಡ ಎಂದವನಲ್ಲ.

ಲಾರೆನ್ಸನ ಮೂರ್ತಿಗಳಲ್ಲಿ, ಪಟಗಳಲ್ಲಿ, ಸಾಮಾನ್ಯವಾಗಿ ಅವನ ಒಂದು ಕೈಯಲ್ಲಿ ತಾಳೆಗರಿ, ಇನ್ನೊಂದರಲ್ಲಿ ಕಬ್ಬಿಣದ ಜಾಲರಿ ಇರುತ್ತದೆ. ಅವನ ಜೊತೆ ಯಾರೂ ಇರುವುದಿಲ್ಲ. ಮುಂದೆ ಎಲ್ಲಾದರೂ ಅವನ ಹೊಸ ಮೂರ್ತಿ ಕೆತ್ತಿಸುವವರಲ್ಲಿ, ಗಾಜಿನ ಕಿಟಕಿಗೆ ಅವನ ಚಿತ್ರ ಬರೆಸುವವರಲ್ಲಿ ನನ್ನದೊಂದು ಕೋರಿಕೆ: ಜಾಲರಿ ಇರಲಿ, ಆದರೆ ಪಕ್ಕದಲ್ಲಿ ಒಬ್ಬ ಕುರುಡನನ್ನೂ ಒಬ್ಬ ವಿಧವೆಯನ್ನೂ ನಿಲ್ಲಿಸಿ, ಅವನ ಕೈಗೆ ಅವರ ಹೆಸರುಗಳ ಪಟ್ಟಿ ಕೊಡಿ.